ನಡುವಿನ ಡಬ್ಬಿಯ ಮುಸುಕು

ಹೊಟ್ಟೆಕಿಚ್ಚಿನಿಂದ ಕೊಂಡ ಸಾಮಾನು ನಮ್ಮ ಮನೆಯಲ್ಲಿ ಬಹಳ ಇವೆ. ಹಿಟ್ಟು ರುಬ್ಬುವ ಯಂತ್ರ, ಎರಡು ಬಾಗಿಲಿನ ಫ್ರಿಜ್ಜು, ಗಾಜಿನ ಕಪಾಟು. ಎಲ್ಲವೂ ಮೊದಲು ಇದೇ ಹುಬ್ಬಳ್ಳಿಯ ಕೇಶ್ವಾಪುರದಲ್ಲಿರುವ ನನ್ನ ನೆಗೆಣ್ಣಿಯ ಮನೆಗೆ ಬಂದವು, ಆಮೇಲೆ ಬೆಂಗೇರಿಯ ನಮ್ಮ ಮನೆಗೆ. ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ನಾನು ಹಿರಿಯ ಸೊಸೆ, ಅವಳು ಕಿರಿಯವಳು. ಸಾಮಾನಿನ ವಿಷಯದಲ್ಲಿ ಮಾತ್ರ ಯಾವಾಗಲೂ ಅವಳೇ ಮುಂದೆ. ನಾನು ತರುವಾಗ ಅವಳದಕ್ಕಿಂತ ಒಂದು ಅಳತೆ ದೊಡ್ಡದನ್ನು ತರುತ್ತಿದ್ದೆ. ಅಷ್ಟೇ ನನ್ನ ಸಮಾಧಾನ.

ಹೋಮ್ ಥೇಟರ್ ಅನ್ನುವ ಸಾಮಾನೂ ಹಾಗೆಯೇ ಬಂತು. ಆದರೆ ಈ ಸಲ ನನಗೆ ಉರಿದದ್ದು ಸಾಮಾನು ಕಂಡು ಅಲ್ಲ. ನನ್ನ ಗಂಡ ದಿನಾ ಸಂಜೆ ಹೋಗಿ ಅಲ್ಲಿ ಕೂಡತೊಡಗಿದ್ದರು.

ನಮ್ಮವರು ಅರಳೆ ವ್ಯಾಪಾರ ಮಾಡಿದವರು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಯಂತ್ರದ ಪಕ್ಕದಲ್ಲೇ ಗಾದಿ ಹಾಕಿ ಅರ್ಧ ಆಯುಷ್ಯ ಕಳೆದವರು. ವ್ಯಾಪಾರ ಮಗನ ಕೈಗೆ ಬಿಟ್ಟ ಮೇಲೆ ಸಂಜೆಯಾದರೆ ಪಡಸಾಲೆಯ ಬೆತ್ತದ ಕುರ್ಚಿಯಲ್ಲಿ ಕೂಡುತ್ತಿದ್ದರು. ಟಿವಿ ತನ್ನ ಪಾಡಿಗೆ ನಡೆದಿರುತ್ತಿತ್ತು. ನಾನು ಕೆಳಗೆ ಕೂತು ಕೌದಿಗೆ ಹೊಲಿಗೆ ಹಾಕುತ್ತ ಮಾತಾಡುತ್ತಿದ್ದೆ. ಅವರು ಹೂಂ ಅನ್ನುತ್ತಿದ್ದರು. ಅದೇ ನಮ್ಮ ಸಂಸಾರ. ಚೆಂದದ ಮಾತು ನಮ್ಮಿಬ್ಬರಿಗೂ ಬರುವುದಿಲ್ಲ. ಆದರೂ ಆ ಕುರ್ಚಿ ತುಂಬಿರುತ್ತಿತ್ತು.

ಕಳೆದ ವರ್ಷ ನೆಗೆಣ್ಣಿಯ ಮಗ ಅವರ ಮನೆಗೆ ಐದು ಸ್ಪೀಕರು, ಒಂದು ದೊಡ್ಡ ವೂಫರು ತಂದು ಹಾಕಿಸಿದ. ನೋಡಲು ಹೋದ ನಮ್ಮವರು ಮರುದಿನವೂ ಹೋದರು. ಅದರ ಮರುದಿನವೂ ಹೋದರು. ನಡೆದರೆ ಅರ್ಧ ತಾಸಿನ ದಾರಿ. ಮೊಣಕಾಲು ನೋವು ಅಂತ ಹಿಟ್ಟಿನ ಗಿರಣಿಗೆ ಹೋಗದ ಮನುಷ್ಯ ಐದು ಹೊಡೆಯುತ್ತಲೇ ಟೊಪಗಿ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದರು.

“ಎಲ್ಲಿಗಿ?” ಅಂದೆ.

“ತಮ್ಮನ ಮನಿಗೆ.”

“ನಿನ್ನೆ ಹೋಗಿದ್ರೆಲ್ಲಾ?”

“ಇವತ್ತೂ ಹೊಂಟೇನಿ.”

“ನಮ್ಮ ಮನ್ಯಾಗೇನ ಟಿವಿ ಇಲ್ಲೇನು?”

“ಅಲ್ಲಿ ಸೌಂಡ್ ಛಲೋ ಐತಿ,” ಅಂದು ಚಪ್ಪಲಿ ಮೆಟ್ಟಿದರು.

“ಸೌಂಡ್ ಛಲೋ ಐತೋ, ಚಾ ಛಲೋ ಐತೋ?” ಅಂತ ನಾನು ಬೀದಿಗೆ ಕೇಳುವಂತೆ ಕೂಗಿದೆ. ತಿರುಗಿ ನೋಡಲಿಲ್ಲ.

ಒಂದು ವಾರ ತಡೆದೆ. ಆಮೇಲೆ ನಾನೂ ಕೇಶ್ವಾಪುರಕ್ಕೆ ಹೋದೆ. ಗೇಟು ತೆಗೆಯುವಾಗಲೇ ಒಳಗಿನಿಂದ ನಗು ಕೇಳಿತು. ಯಾರ ನಗು ಅಂತ ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ನನ್ನ ಗಂಡನದೇ. ಹೊಟ್ಟೆಯಿಂದ ಬಂದ ನಗು. ನಮ್ಮ ಮನೆಯಲ್ಲಿ ಅವರು ಹಾಗೆ ನಕ್ಕು ಎಷ್ಟು ವರ್ಷ ಆಗಿತ್ತೋ ನನಗೆ ನೆನಪಾಗಲಿಲ್ಲ. ಗೇಟಿನ ಚಿಲಕ ಹಿಡಿದು ನಿಂತೆ. ಆ ಕಬ್ಬಿಣವನ್ನು ಕಿತ್ತು ಒಗೆಯಬೇಕು ಅನ್ನಿಸಿತು.

ಒಳಗೆ ಅಣ್ಣ ತಮ್ಮ ಇಬ್ಬರೂ ಹಳೆಯ ಸಿನಿಮಾ ನೋಡುತ್ತಿದ್ದರು. ನೆಗೆಣ್ಣಿ ಎಂದಿನಂತೆ ಅಡುಗೆಮನೆಯ ಹೊಸ್ತಿಲ ಒಳಗೆ, ತಲೆಯ ಮೇಲೆ ಸೆರಗು ಎಳೆದುಕೊಂಡು ಕೂತಿದ್ದಳು. ನಮ್ಮಲ್ಲಿ ಗಂಡನ ಅಣ್ಣನ ಎದುರು ಹೆಂಗಸರು ಕೂಡುವುದಿಲ್ಲ, ಮುಖಕ್ಕೆ ಮುಖ ಕೊಟ್ಟು ಮಾತಾಡುವುದಿಲ್ಲ. ಈಗಿನವರು ಅದನ್ನೆಲ್ಲ ಬಿಟ್ಟಿದ್ದಾರೆ. ಅವಳು ಬಿಟ್ಟಿಲ್ಲ. ಮದುವೆಯಾಗಿ ಬಂದಾಗಿನಿಂದ ನಮ್ಮವರ ಜೊತೆ ನೇರ ಒಂದು ಮಾತಾಡಿದವಳಲ್ಲ. ಚಹಾ ಕೊಡಬೇಕಾದರೂ ಮಗನ ಕೈಯಲ್ಲಿ ಕೊಡಿಸುತ್ತಾಳೆ. ಇದೂ ಒಂದು ತೋರಿಕೆ ಅಂತಲೇ ನಾನು ತಿಳಿದಿದ್ದೆ. ಹಿರಿಯಳಾದ ನನಗಿಂತ ತನಗೇ ರೀತಿ ಹೆಚ್ಚು ಗೊತ್ತು ಅಂತ ತೋರಿಸುವುದು.

ನಾನು ಆ ಡಬ್ಬಿಗಳನ್ನು ನೋಡಿದೆ. ಟಿವಿಯ ಎರಡು ಕಡೆಗೆ ಎರಡು, ಹಿಂದೆ ಎರಡು, ಟಿವಿಯ ಕೆಳಗೆ ನಡುವೆ ಅಡ್ಡ ಮಲಗಿದ್ದು ಒಂದು. ಮೂಲೆಯಲ್ಲಿ ವೂಫರು. ಯಾರೂ ನೋಡದಾಗ ವೂಫರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಗೇಣು ಹಾಕಿದೆ. ಎರಡು ಗೇಣಿಗೆ ನಾಲ್ಕು ಬೆರಳು ಕಡಿಮೆ.

“ಏನ್ ಹುಡುಕಾಕತ್ತೀರಿ ಅಕ್ಕಾರ?” ಬಾಗಿಲಲ್ಲಿ ನೆಗೆಣ್ಣಿ ನಿಂತಿದ್ದಳು.

“ಚಷ್ಮಾ ಬಿತ್ತು.”

“ಮೂಗಿನ ಮ್ಯಾಲ ಐತೆಲ್ರಿ.”

ನಾನು ಮೂಗು ಮುಟ್ಟಿಕೊಂಡೆ. ಅವಳು ನಗಲಿಲ್ಲ. ನಕ್ಕಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಅವತ್ತೇ ನಿಶ್ಚಯ ಮಾಡಿದೆ. ಇದಕ್ಕಿಂತ ದೊಡ್ಡದು ನಮ್ಮ ಮನೆಗೆ ಬರಬೇಕು. ನನ್ನ ಗಂಡ ನನ್ನ ಮನೆಯಲ್ಲಿ ಕೂತು ನಗಬೇಕು.

ಧಾರವಾಡದಲ್ಲಿ ಕಾಲೇಜು ಕಲಿಯುವ ಮೊಮ್ಮಗಳನ್ನು ಕರೆದುಕೊಂಡು ಪೇಟೆಗೆ ಹೋದೆ. ಅವಳು ಅಲ್ಲೇ ವಸತಿಗೃಹದಲ್ಲಿ ಇರುತ್ತಾಳೆ, ರಜೆಗೆ ಮನೆಗೆ ಬರುತ್ತಾಳೆ. ಇಂಥದೆಲ್ಲ ಅವಳಿಗೆ ತಿಳಿಯುತ್ತದೆ. ನಾನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಆದರೆ ಸಾಮಾನು ಆರಿಸುವುದಕ್ಕೆ ಸಾಲೆ ಬೇಕಿಲ್ಲ.

ಅಂಗಡಿಯವನು ಮೊದಲು ಒಂದು ಉದ್ದನೆಯ ಕಪ್ಪು ಪಟ್ಟಿ ತೋರಿಸಿದ. “ಈಗ ಎಲ್ಲಾರೂ ಇದನ್ನ ಒಯ್ತಾರ್ರಿ ಅಮ್ಮಾರ. ಸೌಂಡ್‌ಬಾರ್. ಟಿವಿ ಕೆಳಗ ಇಟ್ರ ಆತು, ವಾಯರ್ ಕಾಟ ಇಲ್ಲ.”

“ಇದು ಒಂದ ಐತೆಲ್ಲಾ. ನನಗ ಆರು ಬೇಕು,” ಅಂದೆ.

“ನಿಮಗೇನ್ ಕೇಳಬೇಕಂತ ಐತ್ರಿ? ಹಾಡೋ, ಸಿನಿಮಾನೋ?”

“ನನಗೇನೂ ಕೇಳೂದು ಬ್ಯಾಡ. ಗ್ವಾಡಿ ನಡುಗಬೇಕು.”

ಮೊಮ್ಮಗಳು ಹಣೆ ಚಚ್ಚಿಕೊಂಡಳು. “ಆಯಿ, ಅಜ್ಜಾಗ ಏನ್ ಬೇಕಂತ ಕೇಳೀಯೇನು?” ನನ್ನನ್ನು ಅವಳು ಆಯಿ ಅನ್ನುತ್ತಾಳೆ.

“ಅವರನ್ನೇನ್ ಕೇಳೂದು? ನಾ ಬಲ್ಲೆ.”

ಅಂಗಡಿಯವನು ಹಿಂದಿನ ಕೋಣೆಗೆ ಕರೆದೊಯ್ದು ಒಂದೊಂದೇ ಹಚ್ಚಿ ತೋರಿಸಿದ. ಕುದುರೆ ಓಡಿದವು, ಮಳೆ ಬಂತು, ತಲೆಯ ಮೇಲೆ ಹೆಲಿಕಾಪ್ಟರು ಹಾದು ಹೋಯಿತು. ನಾನು ಡಬ್ಬಿಗಳನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದೆ. ಕುಂಬಾರನ ಹತ್ತಿರ ಗಡಿಗೆ ನೋಡುತ್ತೇವಲ್ಲ, ಹಾಗೆ. ಎರಡು ಡಬ್ಬಿ ತಗಡಿನ ಹಾಗೆ ಪೊಳ್ಳು ಅಂದವು. “ಇವು ಬ್ಯಾಡ,” ಅಂದೆ. ಮೂರನೆಯದು ಗಟ್ಟಿ ಇತ್ತು. ಅಂಗಡಿಯವನು ಮೊಮ್ಮಗಳ ಕಡೆ ನೋಡಿದ. “ಅಮ್ಮಾರಿಗೆ ಗೊತ್ತಾಗತೈತಿ ಬಿಡ್ರಿ,” ಅಂದ. ಆ ಮಾತು ನನಗೆ ಹಿತವಾಯಿತು.

“ಒಂದು ಮಾತು ಹೇಳ್ತೇನ್ರಿ. ವೂಫರ್ ಸಣ್ಣದಿದ್ರೂ ನಡೀತೈತಿ. ನಡುವಿನ ಸ್ಪೀಕರ್ ಮಾತ್ರ ಛಲೋದು ತೊಗೋರಿ. ಸಿನಿಮಾದಾಗಿನ ಮಾತೆಲ್ಲಾ ಅದರಾಗ ಬರ್ತಾವು.”

“ಮಾತು ನಮ್ಮ ಮನ್ಯಾಗ ಬೇಕಾದಷ್ಟು ಅದಾವು. ನೀ ಗುಡುಗು ತೋರಿಸು,” ಅಂದೆ.

ವೂಫರಿಗೆ ಅಲ್ಲೇ ಗೇಣು ಹಾಕಿದೆ. ಎರಡು ಗೇಣು ತುಂಬಿ ಮೇಲೆ ಎರಡು ಬೆರಳು. “ಇದು ಕಟ್ಟು,” ಅಂದೆ.

ಮೊಮ್ಮಗಳಿಗೆ ರಜೆ ಸಿಗುವವರೆಗೆ ಒಂದು ತಿಂಗಳು ಆ ಪೆಟ್ಟಿಗೆಗಳು ಪಡಸಾಲೆಯಲ್ಲಿ ಹಾಗೆಯೇ ಕೂತವು. ನಮ್ಮವರು ಅವುಗಳ ಸಂದಿಯಲ್ಲೇ ದಾರಿ ಮಾಡಿಕೊಂಡು ಕೇಶ್ವಾಪುರಕ್ಕೆ ಹೋಗಿ ಬಂದರು. ನಾನು ಸುಮ್ಮನೆ ಕೂಡಲಿಲ್ಲ. ಒಂದೊಂದು ಪೆಟ್ಟಿಗೆ ಬಿಚ್ಚಿ ಅಳತೆ ತೆಗೆದು ಐದೂ ಸ್ಪೀಕರಿಗೆ ಮುಸುಕು ಹೊಲಿದೆ. ನಮ್ಮ ಮನೆಯಲ್ಲಿ ಬರಿಮೈಯಲ್ಲಿ ಇರುವ ಸಾಮಾನು ಒಂದೂ ಇಲ್ಲ. ಮಿಕ್ಸರಿಗೆ ಮುಸುಕು, ಹೊಲಿಗೆ ಯಂತ್ರಕ್ಕೆ ಮುಸುಕು, ಟಿವಿ ಆರಿಸಿದರೆ ಟಿವಿಗೂ ಮುಸುಕು. ಹುಬ್ಬಳ್ಳಿಯ ಧೂಳು ಬಲ್ಲವರು ಯಾಕೆ ಅಂತ ಕೇಳುವುದಿಲ್ಲ. ನಮ್ಮ ರಸ್ತೆಯನ್ನಂತೂ ಅಗೆಯುವುದು ನಿಂತೇ ಇಲ್ಲ.

ಆದರೆ ಈ ಮುಸುಕು ಬರೀ ಧೂಳಿಗೆ ಅಲ್ಲ. ನೆಗೆಣ್ಣಿಗೆ ಕಸೂತಿ ಬರುವುದಿಲ್ಲ. ನನಗೆ ಬರುತ್ತದೆ. ಕಪ್ಪು ಇಳಕಲ್ಲ ಬಟ್ಟೆಯ ಮೇಲೆ ಗೋಪುರ, ಆನೆ, ನವಿಲು ತೆಗೆದೆ. ನಡುವಿನ ಡಬ್ಬಿ ಎಲ್ಲರ ಕಣ್ಣಿಗೆ ಎದುರೇ ಬೀಳುವುದರಿಂದ ಅದಕ್ಕೆ ಸಾಲಾಗಿ ಐದು ನಂದಿ. ಬಟ್ಟೆ ಸೆಟೆದು ನಿಲ್ಲಲಿ ಅಂತ ಒಳಗೆ ಕೌದಿಯ ಹಾಗೆ ಹಳೆಯ ಅರಿವೆ ಮೂರು ಪದರು ಕೊಟ್ಟು ಹೊಲಿದೆ. ಕಣ್ಣಲ್ಲಿ ನೀರು ಬರುವವರೆಗೆ ಹೊಲಿದೆ. ದುಃಖಕ್ಕಲ್ಲ, ದಾರ ಎಣಿಸಿ ಎಣಿಸಿ.

ಮೊಮ್ಮಗಳು ಶನಿವಾರ ಬಂದಳು. ಪೂಜೆ ಮಾಡದೆ ಒಂದು ವಾಯರೂ ಚುಚ್ಚಗೊಡಲಿಲ್ಲ ನಾನು. ಎಲ್ಲ ಡಬ್ಬಿಗಳ ತಲೆಗೆ ವಿಭೂತಿ ಎಳೆದು ಕಾಯಿ ಒಡೆದೆ. ನೀರು ಸಿಡಿಯದಂತೆ ಅವಳು ವೂಫರಿಗೆ ತನ್ನ ಓಢಣಿ ಅಡ್ಡ ಹಿಡಿದು ನಿಂತಿದ್ದಳು. ಜೋಳದ ಡ್ರಮ್ಮನ್ನು ಮೂಲೆಯಿಂದ ಎಬ್ಬಿಸಿ ಅಲ್ಲಿ ವೂಫರು ಇಟ್ಟೆವು. ಹಿಂದಿನ ಎರಡು ಸ್ಪೀಕರಿನ ವಾಯರು ದೇವರ ಜಗಲಿಯ ಮುಂದೆ ಹಾಯಬಾರದು ಅಂದೆ. ಅವಳು ಗೊಣಗುತ್ತ ಬಾಗಿಲ ಚೌಕಟ್ಟಿನ ಮೇಲಿಂದ ತೋರಣದ ಜೊತೆಗೆ ಸುತ್ತು ಹಾಕಿ ತಂದಳು.

ಆಮೇಲೆ ಅಳತೆಯ ಕೆಲಸ. ಬೆರಳುದ್ದದ ಮೈಕೊಂದು ಇತ್ತು. ಮನುಷ್ಯ ಎಲ್ಲಿ ಕೂಡುತ್ತಾನೋ ಅಲ್ಲಿ, ಅವನ ಕಿವಿಯ ಎತ್ತರಕ್ಕೆ ಅದನ್ನು ಇಡಬೇಕಂತೆ. ಯಂತ್ರವೇ ಸದ್ದು ಮಾಡಿ, ತಾನೇ ಕೇಳಿಕೊಂಡು, ಯಾವ ಸ್ಪೀಕರ್ ಎಷ್ಟು ದನಿ ಮಾಡಬೇಕು ಅಂತ ಗೊತ್ತು ಮಾಡುತ್ತದಂತೆ. ಬೆತ್ತದ ಕುರ್ಚಿಯ ಮೇಲೆ ಬಿಸ್ಕೀಟಿನ ಡಬ್ಬಿ, ಅದರ ಮೇಲೆ ಬೋರಲು ಹಾಕಿದ, ಜೋಳ ಅಳೆಯುವ ಸೇರು, ಅದರ ಮೇಲೆ ಮೈಕು. ಗಂಡನ ಕುರ್ಚಿಯಲ್ಲಿ ಸೇರು ಕೂತದ್ದು ನೋಡಿ ನನಗೆ ನಗು ಬಂತು.

“ಉಸ್ ಅನ್ನಬ್ಯಾಡ ಆಯಿ,” ಅಂದಳು.

ಪುಸ್ ಪುಸ್ ಅಂತ ಒಂದೊಂದೇ ಡಬ್ಬಿ ಸದ್ದು ಮಾಡಿತು. ಮುಗಿಯುತ್ತ ಬಂದಾಗ ಒಳಗೆ ಕುಕ್ಕರು ಸೀಟಿ ಹೊಡೆಯಿತು.

“ಮತ್ತ ಮೊದಲಿಂದ!” ಅವಳು ಕೂಗಿದಳು.

“ಬ್ಯಾಳಿ ಕುದಿಯೂದು ಬ್ಯಾಡೇನು?” ನಾನೂ ಕೂಗಿದೆ.

ಮೂರನೆಯ ಸಲಕ್ಕೆ ಅಳತೆ ಕೂಡಿತು. ಸಿನಿಮಾದಲ್ಲಿ ಗುಡುಗು ಹಚ್ಚಿದಾಗ ಅಡುಗೆಮನೆಯ ಮಾಡದಲ್ಲಿ ಸಾಲಾಗಿ ಇಟ್ಟ ತಾಟುಗಳು ಕಟಕಟ ಅಂದವು. ಪಕ್ಕದ ಮನೆಯವಳು ರೋಡ್ ರೋಲರ್ ಬಂತೇನು ಅಂತ ಹೊರಗೆ ಬಂದು ನೋಡಿದಳಂತೆ. ನನಗೆ ಹಬ್ಬವಾದಂತೆ ಆಯಿತು.

ಭಾನುವಾರ ಸಂಜೆ ಮೊಮ್ಮಗಳು ಧಾರವಾಡಕ್ಕೆ ಹೊರಡುವಾಗ ನಾನು ಮುಸುಕು ತೊಡಿಸುತ್ತಿದ್ದೆ. “ಆಯಿ, ಸಿನಿಮಾ ಹಚ್ಚಿದಾಗ ಇವನ್ನ ತಗೀಬೇಕ ನೋಡು,” ಅಂದಳು. “ಹೂಂ,” ಅಂದೆ. ತೆಗೆಯಲಿಲ್ಲ. ಒಂದು ತಿಂಗಳು ಕೂತು ಹೊಲಿದದ್ದನ್ನು ನಾಲ್ಕು ಜನ ನೋಡುವ ಹೊತ್ತಿಗೇ ತೆಗೆದಿಡಬೇಕೇ?

ಸೋಮವಾರ ನಮ್ಮವರು ಮನೆಯಲ್ಲೇ ಕೂತರು. ಮಂಗಳವಾರ ಕೂತರು. ನಾನು ಚಹಾಕ್ಕೆ ಅವಳಿಗಿಂತ ಹೆಚ್ಚು ಏಲಕ್ಕಿ ಹಾಕಿದೆ.

“ಹೆಂಗೈತ್ರಿ?” ಅಂದೆ.

“ಐತಿ,” ಅಂದರು.

“ಅಲ್ಲಿದಕ್ಕಿಂತ ದೊಡ್ಡದು.”

“ದೊಡ್ಡದ ಐತಿ.”

ಬುಧವಾರ ಕೂತರು. ಒಮ್ಮೆಯೂ ನಗಲಿಲ್ಲ. ಗುರುವಾರ ಐದು ಹೊಡೆಯಿತು. ನೋಡಿದರೆ ಕುರ್ಚಿ ಖಾಲಿ, ಗೂಟದ ಮೇಲಿನ ಟೊಪಗಿ ಇಲ್ಲ.

ಆ ಹೊತ್ತು ನನಗೆ ಏನಾಯಿತು ಅಂತ ಮುಚ್ಚಿಡುವುದಿಲ್ಲ. ನೆಗೆಣ್ಣಿಯ ಮನೆ ಸುಟ್ಟು ಹೋಗಲಿ ಅಂತ ಅಂದುಕೊಂಡೆ. ಆಮೇಲೆ ಒಳಗಿದ್ದ ನಮ್ಮವರ ನೆನಪಾಗಿ, ಬರೀ ಅವಳ ಸ್ಪೀಕರು ಸುಡಲಿ ಅಂತ ತಿದ್ದಿಕೊಂಡೆ. ಮುದುಕಿಗೆ ಇಂಥ ಯೋಚನೆ ಬರಬಾರದು ಅನ್ನುವವರು ಇದ್ದಾರೆ. ಅವರ ಕುರ್ಚಿ ಖಾಲಿಯಾಗಿಲ್ಲ.

ಮುಂದಿನ ಭಾನುವಾರ ಮೈದುನನಿಗೂ ಅವಳಿಗೂ ಊಟಕ್ಕೆ ಹೇಳಿ ಕಳಿಸಿದೆ. ಪ್ರೀತಿಯಿಂದ ಅಲ್ಲ. ನನ್ನ ವೂಫರು ಎಷ್ಟು ದೊಡ್ಡದು ಅಂತ ಅವಳ ಕಣ್ಣಾರೆ ನೋಡಲಿ ಅಂತ. ತಮ್ಮ ಬರುತ್ತಾನೆ ಅಂದದ್ದಕ್ಕೆ ನಮ್ಮವರೂ ಮನೆಯಲ್ಲಿ ನಿಂತರು.

ಅವಳು ಡಬ್ಬಿ ತುಂಬ ಶೇಂಗಾ ಹೋಳಿಗೆ ತಂದಿದ್ದಳು. ಮುಸುಕುಗಳನ್ನು ಮುಟ್ಟಿ ಮುಟ್ಟಿ ನೋಡಿದಳು. “ಎಷ್ಟು ಸಣ್ಣ ಕೈಕೆಲಸರಿ ಅಕ್ಕಾರ! ನಿಮ್ಮ ಕೈ ಯಾರಿಗೂ ಬರೂದಿಲ್ಲ,” ಅಂದಳು. ನಾನು ಹೋಳಿಗೆಯ ಡಬ್ಬಿ ಒಳಗೆ ಒಯ್ದಿಟ್ಟೆ. ಹೊಗಳಿದರೂ ಅವಳ ಬಾಯಿಂದ ಬಂದದ್ದು ನನಗೆ ದಕ್ಕುವುದಿಲ್ಲ.

ಊಟವಾದ ಮೇಲೆ ಅಣ್ಣ ತಮ್ಮ ಪಡಸಾಲೆಯಲ್ಲಿ ಕೂತರು. ನಗಿಸುವ ಸಿನಿಮಾ ಒಂದನ್ನು ಹಚ್ಚಿದೆ. ನೆಗೆಣ್ಣಿ ಅಡುಗೆಮನೆಯ ಹೊಸ್ತಿಲ ಒಳಗೆ ಸೆರಗು ಹೊದ್ದು ಕೂತಳು. ನಾನು ಅವಳ ಪಕ್ಕ ಕೂತೆ. ಮೈದುನ ಎರಡು ಸಲ ನಕ್ಕ. ನಮ್ಮವರು ಅವನ ಮುಖ ನೋಡಿ, ತಡವಾಗಿ, ತುಟಿಯಷ್ಟೇ ಅಗಲಿಸಿದರು.

ಆಗ ಅವಳು ಎದ್ದಳು. ಸೆರಗನ್ನು ಇನ್ನೂ ಮುಂದೆ ಎಳೆದುಕೊಂಡಳು. ಭಾವನ ಎದುರು ಯಾವತ್ತೂ ಹಾಯದವಳು, ತಲೆ ಬಗ್ಗಿಸಿ ಪಡಸಾಲೆಯ ನಡುವೆ ಸೀದಾ ನಡೆದು ಹೋಗಿ, ಟಿವಿಯ ಕೆಳಗಿನ ಡಬ್ಬಿಯಿಂದ ನನ್ನ ಐದು ನಂದಿಯ ಮುಸುಕನ್ನು ಎಳೆದು ತೆಗೆದಳು. ಅದನ್ನು ಮಡಚಿ ಎದೆಗೆ ಹಿಡಿದುಕೊಂಡು ಬಂದ ದಾರಿಯಲ್ಲೇ ತಿರುಗಿ ಬಂದಳು. ಮೈದುನ ಬಾಯಿ ತೆರೆದುಕೊಂಡು ನೋಡುತ್ತಿದ್ದ.

ಟಿವಿಯೊಳಗಿನ ಮನುಷ್ಯರ ದನಿ ಒಮ್ಮೆಲೇ ನಿಚ್ಚಳವಾಯಿತು. ಕಿವಿಯಲ್ಲಿದ್ದ ನೀರು ಇಳಿದು ಹೋದ ಹಾಗೆ.

ನಾನು ಅವಳ ಮೇಲೆ ಏರಿಹೋಗುವ ಮೊದಲೇ ಸಣ್ಣ ದನಿಯಲ್ಲಿ ಅಂದಳು, “ಸಿಟ್ಟಾಗಬ್ಯಾಡ್ರಿ. ಮಾತು ಬರೂ ಡಬ್ಬಿ ಬಾಯಿಗೆ ಅರಿವಿ ಕಟ್ಟೀರಿ. ಭಾವಾರಿಗೆ ಮಾತು ಕೇಳಸೂದಿಲ್ರಿ.”

“ಏನ್ ಕೇಳಸೂದಿಲ್ಲ? ನಾ ಕರದ್ರ ಒಂದ ಸಲಕ್ಕ ಓ ಅಂತಾರ!”

“ನಿಮ್ಮ ದನಿ ಬೆಂಗೇರಿ ಸಂತಿಗೆಲ್ಲಾ ಕೇಳಸತೈತ್ರಿ ಅಕ್ಕಾರ.”

“ಯಾರು ಹೇಳಿದ್ರು ನಿನಗ? ಅವರ ಹೇಳಿದ್ರೇನು?”

“ನನ್ನ ಕೂಡ ಅವರು ಯಾವಾಗ ಮಾತಾಡ್ಯಾರ್ರಿ?” ಅಂದಳು. “ಯಾರೂ ಹೇಳಿಲ್ಲ. ನೋಡಾಕ ಬಂದ ದಿನ ಭಾವಾರು ಎಲ್ಲಾರೂ ನಕ್ಕ ಮ್ಯಾಲ ನಗ್ತಿದ್ರು. ಪಕ್ಕದವರ ಮಾರಿ ನೋಡಿ ನಗ್ತಿದ್ರು. ಅದಕ್ಕ ಮಗಗ ಹೇಳಿ ನಡುವಿನ ಸ್ಪೀಕರ್ ಏರಿಸಿಟ್ಟೆ. ಆ ದಿನದಿಂದ ಬರಾಕತ್ತಾರ ನೋಡ್ರಿ.”

ಪಡಸಾಲೆಯಲ್ಲಿ ನಗು ಎದ್ದಿತು. ಅಣ್ಣ ತಮ್ಮ ಇಬ್ಬರದೂ ಒಂದೇ ಹೊತ್ತಿಗೆ. ಗೇಟಿನಲ್ಲಿ ನಿಂತು ಕೇಳಿದ್ದೆನಲ್ಲ, ಅದೇ ಹೊಟ್ಟೆಯ ನಗು. ನನ್ನ ಮನೆಯಲ್ಲೇ. ನನಗೆ ಬೇಕಾದದ್ದು ಅದೇ ಆಗಿತ್ತು. ಆದರೆ ಕೇಳಿ ಸಂತೋಷವಾಗಲಿಲ್ಲ.

ಜಿನ್ನಿನ ಗದ್ದಲದಲ್ಲಿ ಕಿವಿ ಹೋಗಿರಬೇಕು. ಯಾವಾಗಿನಿಂದಲೋ. ನಾನು ಹುಟ್ಟಾ ದೊಡ್ಡ ದನಿಯವಳು, ನನ್ನದು ಅವರಿಗೆ ಕೇಳುತ್ತಿತ್ತು. ಅದಕ್ಕೇ ನನಗೆ ಗೊತ್ತಾಗಲಿಲ್ಲ. ತಡವಾಗಿ ನಗುವುದನ್ನು ನಾನೂ ನೋಡಿದ್ದೆ. ಬುದ್ಧಿ ಮಂದ ಆಗಿದೆ ಅಂತ ತಿಳಿದು, ನಾಲ್ಕು ಜನರ ಎದುರು ಹಾಗೆಯೇ ಅಂದೂ ಇದ್ದೆ. ಆ ಮಾತು ಕೇಳಿದ ಮನುಷ್ಯ, ಕಿವಿ ಕೇಳುವುದಿಲ್ಲ ಅಂತ ನನ್ನ ಮುಂದೆ ಹೇಗೆ ಹೇಳಬೇಕು?

ಮುಖವನ್ನೇ ನೇರ ನೋಡದವಳು, ಸೆರಗಿನ ಅಂಚಿನಿಂದ ಇದನ್ನು ಕಂಡಿದ್ದಳು. ದಿನಾ ಮುಖ ನೋಡಿದವಳು ನಾನು ಕಾಣಲಿಲ್ಲ. ಅವಳ ಫ್ರಿಜ್ಜು ಕಂಡು ಉರಿದದ್ದು, ಕಪಾಟು ಕಂಡು ಉರಿದದ್ದು ಎಲ್ಲ ಸೇರಿಸಿದರೂ ಈ ಉರಿಗೆ ಸಮ ಆಗಲಿಲ್ಲ. ಇದಕ್ಕಿಂತ ಒಂದು ಅಳತೆ ದೊಡ್ಡದು ತರಲು ಯಾವ ಅಂಗಡಿಗೆ ಹೋಗಲಿ?

ಅವಳು ಹೊರಡುವಾಗ ಉಡಿ ತುಂಬಿದೆ. ಕುಪ್ಪಸದ ಕಣ, ಕಾಯಿ, ಅದರ ಮೇಲೆ ಐದು ನಂದಿಯ ಮುಸುಕು.

“ನಿಮ್ಮ ಮನ್ಯಾಗ ಧೂಳು ಭಾಳ. ನಡುವಿನ ಡಬ್ಬಿಗೆ ಹೊಚ್ಚು,” ಅಂದೆ.

ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. “ನಾ ಹೊಚ್ಚೂದಿಲ್ರಿ ಅಕ್ಕಾರ. ನೀವು ಬಂದಾಗ ಇದರ ಮ್ಯಾಲ ಚಾ ಇಟ್ಟು ಕೊಡ್ತೇನಿ.”

ಸಾಮಾನಿನಲ್ಲಷ್ಟೇ ಅಲ್ಲ, ಮಾತಿಗೂ ಸಿಗುವುದಿಲ್ಲ ಅವಳು.

ಫೋನಿನಲ್ಲಿ ಮೊಮ್ಮಗಳನ್ನು ಕೇಳಿ ನಡುವಿನ ದನಿ ಏರಿಸಿದೆ, ಗುಡುಗು ಇಳಿಸಿದೆ. ಈಗ ತಾಟುಗಳು ಕಟಕಟ ಅನ್ನುವುದಿಲ್ಲ. ಕಿವಿ ಡಾಕ್ಟರ ಕಡೆ ಹೋಗೋಣ ಅಂದರೆ ನಮ್ಮವರು, “ನನ್ನ ಕಿವಿಗೇನ್ ಧಾಡಿ ಆಗೈತಿ?” ಅನ್ನುತ್ತಾರೆ. ಅನ್ನಲಿ. ಇನ್ನೊಂದು ತಿಂಗಳಿಗೆ ಎಳೆದುಕೊಂಡೇ ಹೋಗುವವಳು ನಾನು. ವಾರದಲ್ಲಿ ಆರು ದಿನ ಬೆತ್ತದ ಕುರ್ಚಿ ತುಂಬಿರುತ್ತದೆ.

ಭಾನುವಾರ ಮಾತ್ರ ತಮ್ಮನ ಮನೆಗೆ ಹೋಗುತ್ತಾರೆ. ನಾನೂ ಹಿಂದೆಯೇ ಹೋಗುತ್ತೇನೆ. ಅಡುಗೆಮನೆಯ ಹೊಸ್ತಿಲ ಒಳಗೆ ನೆಗೆಣ್ಣಿ ಕೂಡುತ್ತಾಳೆ. ನಾನು ಒಂದು ಹೆಜ್ಜೆ ಮುಂದೆ, ಹೊಸ್ತಿಲ ಹೊರಗೆ, ನಮ್ಮವರ ಮುಖ ಎದುರು ಕಾಣುವಂತೆ ಕೂಡುತ್ತೇನೆ. ಟಿವಿ ನೋಡುವುದಿಲ್ಲ. ಅವರು ಯಾವಾಗ ನಗುತ್ತಾರೆ, ಯಾವಾಗ ತಡವಾಗಿ ನಗುತ್ತಾರೆ, ಅದನ್ನೇ ನೋಡುತ್ತೇನೆ. ಇನ್ನೇನಾದರೂ ಕಾಣುವುದಿದ್ದರೆ ಈ ಸಲ ಅವಳಿಗಿಂತ ಮೊದಲು ನನಗೆ ಕಾಣಬೇಕು.